ನನಗೆ ನಾನೇ ಓಗೊಟ್ಟ ಮೂರು ದಿನ

ಹೆಂಡತಿ ತೀರಿಕೊಂಡ ಮೂರನೆಯ ತಿಂಗಳು ಅಣ್ಣನ ಮಗಳು ನನ್ನನ್ನು ಮೊಬೈಲ್ ಜಾಲದ ಯಂತ್ರಗಳನ್ನು ಪರೀಕ್ಷಿಸುವ ತನ್ನ ಪ್ರಯೋಗಾಲಯಕ್ಕೆ ಕೆಲಸಕ್ಕೆ ಕರೆದಳು. ಮೊಬೈಲ್ ಗೋಪುರದ ಕಡೆಯಿಂದ ಹೊರಟ ಮಾಹಿತಿ ಗೇಟ್‌ವೇ ಎಂಬ ಯಂತ್ರವನ್ನು ಸೇರಲು ಒಂದು ಸುರಂಗದಲ್ಲಿ ಸಾಗುತ್ತದೆ. ಸುರಂಗವೆಂದರೆ ಅಗೆದದ್ದಲ್ಲ, ಲಕೋಟೆಯೊಳಗೆ ಲಕೋಟೆ ಇಟ್ಟು ಕಳಿಸಿದಂತೆ. ಎರಡು ಕಂಪ್ಯೂಟರುಗಳಲ್ಲಿ ಒಂದನ್ನು ಗೋಪುರವಾಗಿಸಿ, ಇನ್ನೊಂದನ್ನು ಗೇಟ್‌ವೇ ಆಗಿಸಿ, ನಡುವೆ ಆ ಸುರಂಗವನ್ನು ಕಟ್ಟುವುದು ನನ್ನ ಪಾಲಿನ ಕೆಲಸ. ಶುಕ್ರವಾರ ಮಧ್ಯಾಹ್ನ ಹನ್ನೆರಡರೊಳಗೆ ಅದು ಸಿದ್ಧವಾಗದಿದ್ದರೆ ಕೆಲಸ ಬೇರೆಯವರಿಗೆ, ನಾನು ಮನೆಗೆ. ಹಗಲು ಹೊತ್ತು ಆ ಮನೆಯಲ್ಲಿರಲು ನನಗೆ ಧೈರ್ಯವಿರಲಿಲ್ಲ.

ಸುರಂಗದ ಒಂದು ತುದಿ ಆಗಾಗ 'ಇದ್ದೀಯಾ?' ಎಂದು ಕೇಳುತ್ತದೆ. ಇನ್ನೊಂದು ತುದಿ 'ಇದ್ದೇನೆ' ಎನ್ನಬೇಕು. ಮಂಗಳವಾರ ದೇವರಿಗೆ ಕೈಮುಗಿದು ಗುಂಡಿ ಒತ್ತಿದೆ. ರೆಪ್ಪೆ ಬಡಿಯುವಷ್ಟರಲ್ಲಿ ಉತ್ತರ ಬಂತು. ನಲವತ್ತು ವರ್ಷ ಟೆಲಿಫೋನ್ ತಂತಿ ಎಳೆದವನ ಅನುಭವವೆಂದರೆ ಸುಮ್ಮನೆಯೇ ಎಂದು ಬೀಗಿದೆ. ಬುಧವಾರ, ಗುರುವಾರ ದಿನಕ್ಕೆ ನೂರು ಸಲ ಕೇಳಿಸಿದೆ. ನೂರು ಸಲವೂ ಉತ್ತರ. ಮೂರೂ ದಿನ ಕೆಲಸದ ಪುಸ್ತಕದಲ್ಲಿ 'ದೇವರ ಕೃಪೆ' ಎಂದು ಬರೆದೆ.

ಶುಕ್ರವಾರ ಬೆಳಿಗ್ಗೆ ಅಣ್ಣನ ಮಗಳು ಬಂದು ಮೇಜಿನ ಹಿಂದೆ ಬಗ್ಗಿ ನೋಡಿದಳು.

"ಚಿಕ್ಕಪ್ಪ, ಆ ಕಡೆ ಮೆಷಿನ್‌ಗೆ ಕೇಬಲ್ ಹಾಕಿದ್ದೀರಾ?"

"ಹಾಕದೆ ಉತ್ತರ ಹೇಗಮ್ಮ ಬರುತ್ತೆ?"

"ಅದೇ ನಾನೂ ಕೇಳ್ತಿರೋದು. ಕೇಬಲ್ ನನ್ನ ಕೈಯಲ್ಲಿದೆ."

ಗೇಟ್‌ವೇ ವಿಳಾಸ ಬರೆಯಬೇಕಾದ ಕಡೆ ಗೋಪುರದ ವಿಳಾಸವನ್ನೇ ಬರೆದಿದ್ದೆ. ಮೂರು ದಿನ ಒಂದೇ ಯಂತ್ರ ತನ್ನನ್ನು ತಾನೇ ಕೇಳಿ, ತಾನೇ ಉತ್ತರ ಕೊಟ್ಟುಕೊಂಡಿತ್ತು.

"ಯಾರಾದ್ರೂ ಹೀಗೆ ಮಾಡ್ತಾರಾ?"

"ಮನೇಲಿ ದಿನಾ ಮಾಡ್ತೀನಮ್ಮ. 'ಕಾಫಿ ಆಯ್ತಾ' ಅಂತ ಅಡುಗೆಮನೆ ಕಡೆ ಕೂಗ್ತೀನಿ. 'ಆಯ್ತು, ಬನ್ನಿ' ಅಂತ ನಾನೇ ಅಂದ್ಕೊಂಡು ಎದ್ದು ಹೋಗ್ತೀನಿ. ಹೋದ್ರೆ ಒಲೆ ಹಚ್ಚಬೇಕಾದೋನೂ ನಾನೇ."

ನಗಲು ಹೊರಟವಳು ನಗಲಿಲ್ಲ. ಕೇಬಲ್ ಸಿಕ್ಕಿಸಿ, "ಇನ್ನೂ ಮೂರು ಗಂಟೆ ಟೈಮಿದೆ" ಎಂದು ಎದುರಿನ ಯಂತ್ರದ ಮುಂದೆ ಕುರ್ಚಿ ಎಳೆದುಕೊಂಡು ಕುಳಿತಳು.

ವಿಳಾಸ ತಿದ್ದಿ ಗುಂಡಿ ಒತ್ತಿದೆ. ಉತ್ತರವಿಲ್ಲ. ಮತ್ತೆ ಒತ್ತಿದೆ, ಇಲ್ಲ. ಆ ಯಂತ್ರ ಹೊರಗಿನವರ ಮಾತನ್ನು ಒಳಗೆ ಬಿಡದಂತೆ ಹಾಕಿದ್ದ ತಡೆಯನ್ನು ಅವಳು ಹುಡುಕಿ ತೆಗೆಯುವ ಹೊತ್ತಿಗೆ ಹನ್ನೊಂದೂವರೆ. ಆಗ ಪರದೆಯ ಮೇಲೆ ಒಂದು ಸಾಲು ಮೂಡಿತು, ಮೊದಲಿಗಿಂತ ತುಸು ತಡವಾಗಿ.

"ಬಂತಾ, ಚಿಕ್ಕಪ್ಪ?"

ಹೂಂ ಎನ್ನುವ ಮೊದಲು ಈ ಸಲ ಎದ್ದು ಹೋಗಿ ಅವಳ ಪರದೆ ನೋಡಿದೆ, ಕೇಬಲ್ಲನ್ನು ಎರಡೂ ತುದಿಯಲ್ಲಿ ಮುಟ್ಟಿ ನೋಡಿದೆ. ಆಮೇಲೆ ಪುಸ್ತಕದಲ್ಲಿ ಮೂರು ದಿನದ ಕೃಪೆಯನ್ನು ಹೊಡೆದುಹಾಕಿ, ಶುಕ್ರವಾರದ ತಾರೀಖಿನ ಕೆಳಗೆ ಅದನ್ನೇ ಹೊಸದಾಗಿ ಬರೆದೆ.

"ಸೋಮವಾರ ಒಂಬತ್ತಕ್ಕೆ ಬನ್ನಿ" ಎಂದಳು.

"ಎಂಟಕ್ಕೇ ಬಂದರೆ ಬಾಗಿಲು ತೆಗೆದಿರುತ್ತಾ?" ಎಂದು ಕೇಳಿ, ಅವಳು ಹೇಳುವವರೆಗೂ ಕಾದೆ.