ಸಾಹೇಬರ ಕೊಂಬು

ಸಣ್ಣಮಾದಯ್ಯನಿಗೆ ಮೆಮೋ ಬಂದದ್ದು ಬಹುವಚನದ ದೆಸೆಯಿಂದ. ಏಕವಚನದಲ್ಲಿ ಬರೆದಿದ್ದರೆ ಏನೂ ಆಗುತ್ತಿರಲಿಲ್ಲ.

ದಟ್ಟಗಳ್ಳಿಯ ಆಚೆ, ಸೈಟಿನ ಕಲ್ಲುಗಳು ಆಗಷ್ಟೇ ತಲೆಯೆತ್ತುತ್ತಿದ್ದ ಬಯಲಿನಲ್ಲಿ ಒಂದು ಪ್ರಾಣಿ ಸಂಶೋಧನಾ ಕೇಂದ್ರವಿತ್ತು. ಅದರ ಹಿತ್ತಲಲ್ಲಿ ತಂತಿಬೇಲಿ ಹಾಕಿದ ಜಿಂಕೆವನ. ೧೯೮೬ರ ಏಪ್ರಿಲ್‌ನಿಂದ ಅಲ್ಲಿನ ಜಿಂಕೆ, ಕಡವೆಗಳಿಗೆ ಮೇವು, ನೀರು, ಬೈಗುಳ ಎಲ್ಲವನ್ನೂ ಹೊತ್ತುಹೊತ್ತಿಗೆ ಕೊಡುತ್ತಿದ್ದವನು ಅಶೋಕಪುರಂನಿಂದ ಸೈಕಲ್ ತುಳಿದು ಬರುತ್ತಿದ್ದ ಸಣ್ಣಮಾದಯ್ಯ. ಪ್ರಾಣಿಗಳಿಗೆ ನಂಬರ್ ಹಾಕುವುದು ಅವನಿಗೆ ಒಗ್ಗದು. ಜೈಲಿನವರೇನು ಅವು? ಆದ್ದರಿಂದ ಗಂಡುಗಳಿಗೆಲ್ಲ ಹಳೆಯ ಸರ್ಕಾರದ ಹುದ್ದೆಗಳನ್ನು ಹಂಚಿದ್ದ. ಶೇಕ್ದಾರ, ಅಮಲ್ದಾರ, ಶಿರಸ್ತೇದಾರ. ಎಲ್ಲರಿಗಿಂತ ದೊಡ್ಡ ಕಡವೆ ಸಾಹೇಬರು. ಹಿಂದಿನ ಸಾಹೇಬರು ಮುಪ್ಪಿನಲ್ಲಿ ತೀರಿಕೊಂಡಾಗ ಶಿರಸ್ತೇದಾರನಿಗೆ ಬಡ್ತಿ ಕೊಟ್ಟು ಆ ಜಾಗಕ್ಕೆ ತಂದಿದ್ದ. ಆ ಬೇಲಿಯೊಳಗೆ ಬಡ್ತಿಗಳು ಕಾಲಕಾಲಕ್ಕೆ ಸರಿಯಾಗಿ ಆಗುತ್ತಿದ್ದವು.

ಬೇಲಿಯ ಹೊರಗಿನ ಕಥೆ ಬೇರೆ. ಸಣ್ಣಮಾದಯ್ಯ ದಿನಗೂಲಿ. ಹತ್ತು ವರ್ಷ ಎಡೆಬಿಡದೆ ದುಡಿದವರನ್ನು ಖಾಯಂ ಮಾಡಬೇಕೆಂದು ಕೇಂದ್ರದ ಆಡಳಿತ ಮಂಡಳಿಯೇ ನಿಯಮ ಮಾಡಿತ್ತು. ಆ ನಿಯಮಕ್ಕೆ ಯಾರೂ ಸಿಕ್ಕಿಬೀಳದಂತೆ ಅದೇ ಮಂಡಳಿ ಬ್ರೇಕ್ ಎಂಬ ಇನ್ನೊಂದು ಏರ್ಪಾಡನ್ನೂ ಮಾಡಿತ್ತು. ಮಾರ್ಚ್ ಮೂವತ್ತೊಂದಕ್ಕೆ ಕೆಲಸ ಮುಗಿಯಿತು ಎಂದು ಒಂದು ಕಾಗದ. ಏಪ್ರಿಲ್ ಐದಕ್ಕೆ ಹೊಸದಾಗಿ ಸೇರಿದ್ದೀರಿ ಎಂದು ಇನ್ನೊಂದು. ನಡುವಿನ ನಾಲ್ಕು ದಿನ ಸಣ್ಣಮಾದಯ್ಯ ಕಾಗದದ ಪ್ರಕಾರ ಆ ಕಡೆ ತಲೆಹಾಕುವಂತಿಲ್ಲ.

ಆದರೆ ಕಡವೆಗಳಿಗೆ ಕಾಗದ ಓದಲು ಬರುವುದಿಲ್ಲವಲ್ಲ. ಅವಕ್ಕೆ ಕೊಂಬು ಉದುರುವುದು ಹೆಚ್ಚಾಗಿ ಆ ದಿನಗಳಲ್ಲೇ. ಉದುರಿದ ಜಾಗ ಹಸಿಯಾಗಿರುತ್ತದೆ, ನೊಣ ಮುತ್ತುತ್ತದೆ, ಬೇವಿನೆಣ್ಣೆ ಹಚ್ಚಬೇಕು. ಬ್ರೇಕಿನಲ್ಲಿರುವವನ ಬದಲಿಗೆ ಮೇವು ಹಾಕಲು ಯಾರನ್ನೂ ಗೊತ್ತುಮಾಡಿರಲಿಲ್ಲ. ಹೀಗಾಗಿ ಆ ನಾಲ್ಕು ದಿನವೂ ಸಣ್ಣಮಾದಯ್ಯ ಬರುತ್ತಿದ್ದ. ಬಂದವನು ಎಂದಿನಂತೆ ದಪ್ಪ ರಿಜಿಸ್ಟರಿನಲ್ಲಿ ಎರಡು ಸಾಲು ಬರೆದು, ಹೊತ್ತು ಹಾಕಿ, ಹೆಸರು ಗೀಚುತ್ತಿದ್ದ. ನಾಲ್ಕನೇ ಕ್ಲಾಸು ಓದಿದ್ದವನು, ಬರೆಯುವುದೆಂದರೆ ಹೆಮ್ಮೆ.

೨೦೦೨ರ ನವೆಂಬರಿನಲ್ಲಿ ಕೇಂದ್ರಕ್ಕೆ ಹೊಸ ನಿರ್ದೇಶಕರು ಬಂದರು, ಡಾ. ಸಿದ್ದಲಿಂಗಸ್ವಾಮಿ. ಕುವೆಂಪುನಗರದಲ್ಲಿ ಸ್ವಂತ ಮನೆ, ಕೆಲಸದಲ್ಲಿ ಕಟ್ಟುನಿಟ್ಟು. ಬಂದ ಮೂರನೇ ದಿನವೇ ಎಲ್ಲ ವಿಭಾಗದ ರಿಜಿಸ್ಟರುಗಳನ್ನೂ ಮೇಜಿಗೆ ತರಿಸಿಕೊಂಡರು. ಜಿಂಕೆವನದ ರಿಜಿಸ್ಟರಿನಲ್ಲಿ ಅಂದಿನ ಬರಹ ಹೀಗಿತ್ತು: "ಸಾಹೇಬರ ಕೊಂಬು ಪೂರ್ತಿ ಬಲಿತಿದೆ. ಮದ ಏರಿದೆ. ಮೂರು ದಿನದಿಂದ ಊಟ ಬಿಟ್ಟು ಹೆಣ್ಣುಗಳ ಹಿಂದೆ ಓಡಾಡುತ್ತಿದ್ದಾರೆ. ಹತ್ತಿರ ಹೋದರೆ ಹಾಯುತ್ತಾರೆ."

ಮೂರು ದಿನ ಎಂಬುದು ಅವರಿಗೆ ನಾಟಿತು. ಆ ಮೂರು ದಿನ ಅವರು ಪ್ರಯೋಗಾಲಯದ ಹೆಣ್ಣುಮಕ್ಕಳ ಜೊತೆ ಪರಿಚಯ ಸಭೆಗಳನ್ನು ನಡೆಸಿದ್ದರು. ಮಧ್ಯಾಹ್ನದ ಊಟವನ್ನೂ ಬಿಟ್ಟಿದ್ದು ನಿಜ.

"ನನಗೆ ಕೊಂಬು ಬಂದಿದೆಯೇನಯ್ಯಾ?" ಎಂದು ಕರೆಸಿ ಕೇಳಿದರು.

ಸಣ್ಣಮಾದಯ್ಯ ಗಾಬರಿಯಿಂದ ಅವರ ತಲೆಯನ್ನೇ ನೋಡಿಬಿಟ್ಟ. ಅದು ಇನ್ನೂ ತಪ್ಪಾಯಿತು.

ಮೆಮೋ ಬಂತು. ಮೇಲಧಿಕಾರಿಗಳ ಚಾರಿತ್ರ್ಯಹನನ, ಮೂರು ದಿನದಲ್ಲಿ ಲಿಖಿತ ವಿವರಣೆ. ಸಣ್ಣಮಾದಯ್ಯ ಕೂತು ತನ್ನ ಕೈಯಾರೆ ಬರೆದ: "ಸದರಿ ಸಾಹೇಬರು ತಾವಲ್ಲ. ಸದರಿಯವರಿಗೆ ನಾಲ್ಕು ಕಾಲು, ಒಂದು ಬಾಲ ಇದೆ. ದೊಡ್ಡವರಾದ್ದರಿಂದ ಬಹುವಚನ ಹಾಕಿರುತ್ತೇನೆ. ಬಿಡುವಾದಾಗ ಬಂದು ನೋಡಬಹುದು."

ಆ ವಿವರಣೆಯನ್ನು ಟೈಪಿಸ್ಟು ಓದಿದಳು, ಡ್ರೈವರ್ ಓದಿದ, ಕ್ಯಾಂಟೀನಿನವನೂ ಓದಿಸಿಕೊಂಡು ಕೇಳಿದ. ಇಡೀ ಆಫೀಸು ಹೊಟ್ಟೆ ಹಿಡಿದುಕೊಂಡು ನಕ್ಕಿತು. ನಿರ್ದೇಶಕರು ತಪ್ಪಿತಸ್ಥನನ್ನು ಕ್ಷಮಿಸುತ್ತಿದ್ದರೋ ಏನೋ, ನಗು ತರಿಸಿದವನನ್ನು ಕ್ಷಮಿಸುವುದು ಅವರಿಂದಾಗಲಿಲ್ಲ. ಇನ್ನು ಮುಂದೆ ಸಾಹೇಬರನ್ನು 'ಕ-೭' ಎಂದು ಬರೆಯಬೇಕು ಎಂದು ಆಜ್ಞೆಯಾಯಿತು.

ಗುಮಾಸ್ತ ಗುರುಮಲ್ಲಪ್ಪ, ವರ್ಷವರ್ಷವೂ ಆ ಎರಡು ಕಾಗದಗಳನ್ನು ಟೈಪಿಗೆ ಕಳಿಸುವ ಮನುಷ್ಯ, ಸೈಕಲ್ ಸ್ಟ್ಯಾಂಡಿನ ಹತ್ತಿರ ಅವನನ್ನು ನಿಲ್ಲಿಸಿ ಹೇಳಿದ. "ಸಣ್ಣಮಾದಯ್ಯ, ಈ ಸಲ ಮಾರ್ಚಿಗೆ ಉದುರಿದ್ರೆ ಮತ್ತೆ ಹುಟ್ಟಾಕಿಲ್ಲ ಕಣಯ್ಯಾ. ಹೊಸಾ ಆರ್ಡರ್ ಹಾಕ್ಬೇಡಿ ಅಂದವ್ರೆ."

ಮನೆಯಲ್ಲಿ ಹೆಂಡತಿ ಪುಟ್ಟಮಾದಮ್ಮ ತಲೆ ಚಚ್ಚಿಕೊಂಡಳು. "ಕಡವೆಗೆ ಮರ್ವಾದೆ ಕೊಟ್ಟು ನಿನ್ ಹೊಟ್ಟೆ ಮೇಲೆ ನೀನೇ ಹೊಡ್ಕಂಡೆ. ಅದ್ಕೆ ಗೊತ್ತಾ ನೀನ್ ಬಹುವಚನ ಹಾಕಿದ್ದು?"

ಸಣ್ಣಮಾದಯ್ಯ ಅಂದು ರಾತ್ರಿ ಕೂತು ಲೆಕ್ಕ ಹಾಕಿದ. ಐವತ್ತೆರಡನೇ ವಯಸ್ಸಿನಲ್ಲಿ ಇನ್ನೆಲ್ಲಿಗೆ ಹೋಗಿ ಏನು ಕೆಲಸ ಕೇಳುವುದು? ಕೂಲಿಯ ಮಾತು ಹಾಗಿರಲಿ, ಬೇಲಿಯ ಹೊರಗೆ ನಿಂತು ಸಾಹೇಬರನ್ನು ನೋಡಬೇಕಾಗುತ್ತದಲ್ಲ ಎಂಬುದೇ ಅವನ ಕರುಳಿಗೆ ಕೈಹಾಕಿತ್ತು.

ಅತ್ತ, ಅಪರಾಧದ ಸಾಕ್ಷಿಯಾಗಿ ನಿರ್ದೇಶಕರ ಮೇಜಿನ ಮೇಲೆ ಬಿದ್ದಿದ್ದ ರಿಜಿಸ್ಟರು ರಕ್ಷಿತಾಳ ಕಣ್ಣಿಗೆ ಬಿತ್ತು. ಅವಳು ಅಲ್ಲೇ ಪಿಎಚ್.ಡಿ. ಮಾಡುತ್ತಿದ್ದವಳು. ಸಹಿಗಾಗಿ ಕಾಯುತ್ತಾ ಪುಟ ತಿರುವಿದವಳು ಕೂರುವುದನ್ನೂ ಮರೆತು ಓದಿದಳು. ಮಾರನೆಯ ದಿನ ಹಳೆಯ ಹದಿನೈದು ರಿಜಿಸ್ಟರುಗಳನ್ನೂ ಹುಡುಕಿಕೊಂಡು ಜಿಂಕೆವನದ ಶೆಡ್ಡಿಗೇ ಬಂದಳು.

"ಸಣ್ಣಮಾದಯ್ಯನವರೇ, ಇದೇನಂತ ಗೊತ್ತಾ ನಿಮಗೆ? ನಾನು ಕೊಂಬು ಉದುರಿ ಬೆಳೆಯುವುದರ ಎರಡು ವರ್ಷದ ಲೆಕ್ಕ ಇಟ್ಟುಕೊಂಡು ಹೊರದೇಶದ ಪತ್ರಿಕೆಗೆ ಬರೆದರೆ ಸಾಲದು ಅಂದರು. ನಿಮ್ಮಲ್ಲಿ ಹದಿನಾರು ವರ್ಷದ್ದಿದೆ!"

ತನ್ನ ಕೆಲಸವೇನೆಂದು ಅವಳು ಅವನಿಗೆ ಬಿಡಿಸಿ ಹೇಳಿದಳು. ಕೊಂಬು ಉದುರಿದ ಮೇಲೂ ಅದರ ಬುಡದ ಮೂಳೆಯ ಪೊರೆಯಲ್ಲಿ ಕಾಂಡಕೋಶಗಳು ಉಳಿದಿರುತ್ತವೆ. ಮೂಳೆಯಾಗಬೇಕೋ ರಕ್ತನಾಳವಾಗಬೇಕೋ ಎಂದು ಇನ್ನೂ ತೀರ್ಮಾನವಾಗದ ಎಳೆಯ ಕಣಗಳು ಅವು. ಹೊತ್ತು ಬಂದಾಗ ಅವೇ ಎದ್ದು ಇಡೀ ಕೊಂಬನ್ನು ಬುಡದಿಂದ ಕಟ್ಟುತ್ತವೆ, ಚರ್ಮ ಸಮೇತ, ಪ್ರತಿ ವರ್ಷ. ಮೈಯ ಒಂದು ಅಂಗವನ್ನೇ ಹೀಗೆ ಮತ್ತೆಮತ್ತೆ ಬೆಳೆಸಿಕೊಳ್ಳುವ ಸಸ್ತನಿ ಬೇರೆ ಇಲ್ಲ. ಆ ಗುಟ್ಟು ತಿಳಿದರೆ ಮುಂದೆ ಮನುಷ್ಯರಿಗೂ ಉಪಯೋಗವಾದೀತು.

ಸಣ್ಣಮಾದಯ್ಯ ತನ್ನ ಎಡಗೈ ಎತ್ತಿ ನೋಡಿಕೊಂಡ. ಕಿರುಬೆರಳು ಅರ್ಧವೇ ಇತ್ತು. ಹಿಂದಿನ ಸಾಹೇಬರು ಒಮ್ಮೆ ಹಾಯ್ದಾಗ ಹೋದದ್ದು.

"ಇದು ಬಂದಾತಾ ಮೇಡಮ್ಮೋರೇ?"

"ಇನ್ನೂ ಐವತ್ತು ವರ್ಷ ಆಗಬಹುದೇನೋ."

"ಆಗ್ಲಿ ಬುಡಿ. ಅಷ್ಟೊತ್ಗೆ ನಾನೂ ಖಾಯಂ ಆಗಿರ್ತೀನಿ."

ಅವಳು ರಿಜಿಸ್ಟರುಗಳನ್ನು ಎತ್ತಿಕೊಂಡು, ಪತ್ರಿಕೆಗೆ ಮತ್ತೆ ಬರೆಯಲು ಹೊರಟಳು.

ಪತ್ರಿಕೆಯವರಿಗೆ ರಿಜಿಸ್ಟರಿನ ಸುದ್ದಿ ತಲುಪಿ, ಫೆಬ್ರವರಿಯಲ್ಲಿ ಉತ್ತರ ಬಂತು. ಬರಹ ಒಪ್ಪಿಗೆ, ಆದರೆ ದಾಖಲೆ ಒಂದು ದಿನವೂ ತಪ್ಪದೆ ಸ್ಥಳದಲ್ಲೇ ಬರೆದದ್ದೆಂದು ಸಂಸ್ಥೆಯ ಮುಖ್ಯಸ್ಥರು ದೃಢೀಕರಿಸಬೇಕು. ನಿರ್ದೇಶಕರ ಮುಖ ಹುಣ್ಣಿಮೆಯಾಯಿತು. ಲೇಖಕರ ಸಾಲಿನಲ್ಲಿ ತಮ್ಮ ಹೆಸರು ಮೊದಲಿಗೆ ಬರುವುದೆಂದು ಅವರೇ ಸೂಚಿಸಿದರು, ರಕ್ಷಿತಾಳದ್ದು ಎರಡನೆಯದು. ಸಣ್ಣಮಾದಯ್ಯನಿಗೆ ಕೊನೆಯಲ್ಲಿ 'ಒಬ್ಬ ಸ್ಥಳೀಯ ಪರಿಚಾರಕ' ಎಂದು ಕೃತಜ್ಞತೆ. ಜಾಗ ಉಳಿಯಲೆಂದು ಹೆಸರು ಬೇಡವೆಂದರು.

ದೃಢೀಕರಣ ಎರಡು ದಿನ ನಡೆಯಿತು. ಪುಟ ತಿರುವಲು, ಮೊಹರಿಗೆ ಶಾಯಿ ಹಿಡಿಯಲು ಸಣ್ಣಮಾದಯ್ಯನನ್ನೇ ಕರೆಸಿದರು.

"ನೋಡಯ್ಯಾ, ಒಂದೇ ಒಂದು ದಿನ ಬಿಟ್ಟುಹೋಗಿದ್ದರೂ ಇದಕ್ಕೆ ಬೆಲೆ ಇಲ್ಲ. ಬಿಟ್ಟಿದ್ದೀಯಾ?"

"ಒಂದ್ ದಿನಾನೂ ಬಿಟ್ಟಿಲ್ಲ ಸಾ. ಬೇಕಾದ್ರೆ ಎಣಿಸ್ಕಳಿ."

ಅವರು ನಿಜವಾಗಿಯೂ ಎಣಿಸಿದರು. ೧೯೮೭ರ ಮಾರ್ಚ್ ಮೂವತ್ತೊಂದು, ಏಪ್ರಿಲ್ ಒಂದು, ಎರಡು, ಮೂರು, ನಾಲ್ಕು. ಸರಿ. ಸಹಿ, ಮೊಹರು. ಎಂಬತ್ತೆಂಟರದ್ದೂ ಸರಿ. ಸಣ್ಣಮಾದಯ್ಯ ಪುಟ ತಿರುವುತ್ತಾ ಹೋದ. ತೊಂಬತ್ತರ ಏಪ್ರಿಲ್ ಪುಟಕ್ಕೆ ಬರುವಷ್ಟರಲ್ಲಿ ಏನು ನಡೆಯುತ್ತಿದೆಯೆಂದು ಅವನಿಗೆ ಹೊಳೆದಿತ್ತು. ಮೊಹರಿಗೆ ಇನ್ನಷ್ಟು ಶಾಯಿ ಹಚ್ಚಿಕೊಟ್ಟ.

ಮಾರ್ಚ್ ಮೂವತ್ತೊಂದರಂದು ಮುಕ್ತಾಯದ ಕಾಗದ ಬಂತು. ಹೊಸ ಆರ್ಡರು ಇಲ್ಲವೆಂಬುದೂ ಖಚಿತವಾಯಿತು. ಸಣ್ಣಮಾದಯ್ಯ ಅಂದೇ ಒಂದು ಅರ್ಜಿಯ ಜೊತೆಗೆ ಏಪ್ರಿಲ್ ಪುಟಗಳ ಜೆರಾಕ್ಸ್ ಜೋಡಿಸಿ ಗುರುಮಲ್ಲಪ್ಪನ ಕೈಗಿತ್ತ. ಗುರುಮಲ್ಲಪ್ಪ ಓದಿದ, ಕನ್ನಡಕ ಒರೆಸಿಕೊಂಡು ಮತ್ತೆ ಓದಿದ, ಎದ್ದು ನಿರ್ದೇಶಕರ ಕೋಣೆಗೆ ಹೋದ.

"ಸರ್, ಬ್ರೇಕಿನ ನಾಲ್ಕು ದಿನವೂ ಈತ ಕೆಲಸ ಮಾಡಿದ್ದಾನೆ ಅಂತ ಹದಿನಾರು ವರ್ಷಕ್ಕೂ ತಮ್ಮ ಸಹಿ ಇದೆ. ಬ್ರೇಕ್ ಆಗಿಲ್ಲ ಅಂದಮೇಲೆ ಖಾಯಂ ಮಾಡಬೇಕಾಗುತ್ತೆ."

"ಆ ದಿನಗಳಲ್ಲಿ ಅವನು ಬಂದಿರಲಿಲ್ಲ ಅಂತ ಬರೀರಿ!"

"ಬರೀಬಹುದು ಸರ್. ಆಗ ದಾಖಲೆ ಸುಳ್ಳು ಅಂತಾಗುತ್ತೆ. ಪತ್ರಿಕೆಯವರಿಗೂ ಒಂದು ಕಾಗದ ಹಾಕಬೇಕಾಗುತ್ತೆ, ತಮ್ಮ ಹೆಸರು ಮೊದಲಿದೆಯಲ್ಲ."

ನಿರ್ದೇಶಕರು ಪೆನ್ನು ಎತ್ತಿಕೊಂಡರು. ಮಂಡಳಿಗೆ ಶಿಫಾರಸು ಬರೆದರು. ಜೂನ್ ಕೊನೆಗೆ, ಮುದ್ರಿತ ಪತ್ರಿಕೆ ಬಂದ ವಾರದಲ್ಲೇ, ಖಾಯಂ ಆದೇಶವೂ ಬಂತು. ೧೯೮೬ರಿಂದ ಪೂರ್ವಾನ್ವಯವಾಗಿ, ಎಡೆಬಿಡದ ಸೇವೆ ಎಂದಿತ್ತು. ಸಣ್ಣಮಾದಯ್ಯ ಆ ಕಾಗದ ಹಿಡಿದು ಮೇವಿನ ಮನೆಗೆ ಹೋಗಿ ಹುಲ್ಲಿನ ಪಿಂಡಿಯ ಮೇಲೆ ಕೂತು ಅತ್ತ. ಹದಿನೇಳು ವರ್ಷದ್ದು ಒಟ್ಟಿಗೇ ಬಂದಿತ್ತು.

ಮುಂದಿನ ವರ್ಷ ಏಪ್ರಿಲ್ ಎರಡರ ಬೆಳಿಗ್ಗೆ, ಖಾಯಂ ನೌಕರನಾಗಿ, ಬೇವಿನೆಣ್ಣೆಯ ಬಟ್ಟಲು ಪಕ್ಕಕ್ಕಿಟ್ಟು ರಿಜಿಸ್ಟರು ತೆರೆದ. 'ಕ-೭' ಎಂದು ಬರೆಯಹೋದವನು ಹೊಡೆದುಹಾಕಿ, ಸ್ಫುಟವಾಗಿ ಬರೆದ: "ಸಾಹೇಬರ ಎರಡೂ ಕೊಂಬು ಬಿತ್ತು. ಈಗ ಸಾಧುವಾಗಿದ್ದಾರೆ."

ಸಂಜೆ ರಿಜಿಸ್ಟರು ನಿರ್ದೇಶಕರ ಮೇಜಿಗೆ ಹೋಗಿ ಬಂತು. ಆ ಸಾಲಿನ ಕೆಳಗೆ ಸಹಿ ಇತ್ತು, ಮೊಹರೂ ಇತ್ತು.