ಸೋಫಾ ಸಮಸ್ಯೆ

ಅತ್ತೆ ಕಾಫಿ ಲೋಟವನ್ನು ಎಡಗೈಯಲ್ಲಿ ಹಿಡಿದಿದ್ದರು. ಒಂದು ಕಾಲಿಗೆ ಚಪ್ಪಲಿ ಮೆಟ್ಟಿ ಇನ್ನೊಂದಕ್ಕಾಗಿ ತಡಕಾಡುತ್ತಿದ್ದ ಸೊಸೆ ಅಲ್ಲೇ ನಿಂತಳು. ಅತ್ತೆ ಬಲಗೈಯನ್ನು ಶಾಲಿನೊಳಗೆ ಇಟ್ಟುಕೊಂಡಿದ್ದರು. ಫ್ಯಾನು ಜೋರಾಗಿ ತಿರುಗುವ ಸೆಖೆಯಲ್ಲಿ ಶಾಲು ಯಾಕೆ ಎನ್ನುವ ಪ್ರಶ್ನೆ ಅವಳಿಗೆ ಆಮೇಲೆ ಹೊಳೆಯಿತು.

"ಕೈಗೇನಾಯ್ತು ಅತ್ತೆ?"

"ಕೈಗೇನಾಗುತ್ತೆ? ಇದ್ದಲ್ಲೇ ಇದೆ."

"ತೋರಿಸಿ ನೋಡೋಣ."

"ಬಾಗಿಲು ತಗುಲ್ತು ಕಣೇ. ಅದಕ್ಕೇನು ಮೆರವಣಿಗೆ ಮಾಡ್ಬೇಕಾ? ಇವತ್ತಲ್ವಾ ನಿನ್ನ ಆ ದೊಡ್ಡ ಒಪ್ಪಿಗೆ? ಹೊರಡು, ಹೊತ್ತಾಯ್ತು."

ಲೋಟ ಹಿಡಿದ ಎಡಗೈಯ ಮಣಿಕಟ್ಟಿನಲ್ಲಿ ಸೊಸೆಯ ಕಂಪನಿಯ ವಾಚು ಇತ್ತು. ಕಟ್ಟಿಕೊಂಡವರು ಬಿದ್ದರೆ ತಾನೇ ತಿಳಿದುಕೊಂಡು ಮನೆಯವರಿಗೆ ಫೋನ್ ಮಾಡುವ ವಾಚು ಅದು. ಬೀಳುವುದೆಂದರೆ ಏನು ಎಂದು ಅದಕ್ಕೆ ಕಲಿಸುವುದು ಅವಳ ಕೆಲಸ. ಕಂಪನಿಯಲ್ಲಿ ಅವಳನ್ನು ಡೇಟಾ ಸೈಂಟಿಸ್ಟ್ ಎನ್ನುತ್ತಿದ್ದರು. ವಾಚು ಇನ್ನೂ ಅಂಗಡಿಗೆ ಬಂದಿರಲಿಲ್ಲ, ಬರಲು ಅವಳ ಒಪ್ಪಿಗೆ ಬೇಕಿತ್ತು. ಪರೀಕ್ಷೆಗೆಂದು ನೌಕರರ ಮನೆಯ ಹಿರಿಯರಿಗೆ ಮೊದಲೇ ಕಟ್ಟಿದ್ದರು. ಅತ್ತೆಯಂತೂ ಕಟ್ಟಿಕೊಂಡ ದಿನದಿಂದ ಇಡೀ ಕಟ್ಟಡಕ್ಕೆ ಡಂಗುರ ಸಾರಿದ್ದರು. ಲಿಫ್ಟಿನಲ್ಲಿ ಸಿಕ್ಕವರಿಗೆಲ್ಲ ಕೈ ಚಾಚಿ, "ನಾನು ಬಿದ್ರೆ ನನ್ನ ಸೊಸೆಗೆ ಫೋನ್ ಹೋಗುತ್ತೆ. ನೀವು ಬಿದ್ರೆ ನಿಮ್ಮ ಸೊಸೆಗೆ ಹೋಗುತ್ತಾ?" ಎಂದು ಕೇಳುತ್ತಿದ್ದರು. ಕೇಳಿಸಿಕೊಂಡವರು ಮೂಗು ಮುರಿದರೂ ಅವರಿಗೆ ಲೆಕ್ಕವಿರಲಿಲ್ಲ. ಮಗ ಕೆಲಸದ ಮೇಲೆ ತಿಂಗಳುಗಟ್ಟಲೆ ಬೇರೆ ಊರಿನಲ್ಲಿರುವವನು. ಮನೆಯಲ್ಲಿದ್ದದ್ದು ಇವರಿಬ್ಬರೇ.

ಬಸ್ಸಿನಲ್ಲಿ ಕೂತ ಮೇಲೂ ಅವಳಿಗೆ ಅದೇ ಯೋಚನೆ. ಯಾವ ಬಾಗಿಲು? ಕೈಗೆ ಬಾಗಿಲು ತಗುಲಿದರೆ ಮನುಷ್ಯ ಅಯ್ಯೋ ಎಂದು ಉಜ್ಜಿಕೊಂಡು, ಬಾಗಿಲಿಗೆ ಎರಡು ಬೈದು ಸುಮ್ಮನಾಗುತ್ತಾನೆ. ಶಾಲು ಹೊದೆಯುವುದಿಲ್ಲ. ಅದರಲ್ಲೂ ಅತ್ತೆ, ಬೆರಳಿಗೆ ಈಳಿಗೆ ತಾಗಿದರೆ ಸಂಜೆಯವರೆಗೂ ಎಲ್ಲರಿಗೂ ಬೆರಳು ತೋರಿಸುವ ಹೆಂಗಸು.

ಆಫೀಸಿನಲ್ಲಿ ಕುರ್ಚಿಯ ಮೇಲೆ ಕೂರಲಾಗಲಿಲ್ಲ. ನೀರು ಕುಡಿಯಲು ಎದ್ದಳು, ಕುಡಿಯದೆ ಬಂದಳು. ಮತ್ತೆ ಎದ್ದು ಮೆತ್ತೆಯ ಕೋಣೆಯವರೆಗೆ ಹೋದಳು. ವಾಚಿಗೆ ಬೀಳುವುದನ್ನು ಕಲಿಸಿದ್ದು ಈ ಕೋಣೆಯಲ್ಲಿ. ದಪ್ಪ ನೀಲಿ ಮೆತ್ತೆಗಳನ್ನು ಹಾಸಿ, ಆಫೀಸಿನ ಹುಡುಗ ಹುಡುಗಿಯರೆಲ್ಲ ವಾಚು ಕಟ್ಟಿಕೊಂಡು ಸರದಿಯ ಮೇಲೆ ಬಿದ್ದಿದ್ದರು. ಮುಂದಕ್ಕೆ, ಹಿಂದಕ್ಕೆ, ಪಕ್ಕಕ್ಕೆ, ಎಡವಿದ ಹಾಗೆ, ಜಾರಿದ ಹಾಗೆ. ಅಷ್ಟು ನಗು ಆ ಮಹಡಿಯಲ್ಲಿ ಹಿಂದೆಂದೂ ಕೇಳಿರಲಿಲ್ಲ. ಅವಳೂ ಬಿದ್ದಿದ್ದಳು, ಧೊಪ್ಪೆಂದು, ಚಪ್ಪಾಳೆಯ ನಡುವೆ. ಮುದುಕರನ್ನು ಬೀಳಿ ಎಂದು ಕೇಳುವುದಾದರೂ ಹೇಗೆ? ಹಿರಿಯರ ಕೈಗೆ ವಾಚು ಕಟ್ಟಿದ್ದು ಸುಳ್ಳು ಕರೆ ಎಷ್ಟು ಹೋಗುತ್ತದೆಂದು ನೋಡುವುದಕ್ಕಷ್ಟೇ.

ಸುಳ್ಳು ಕರೆಗಳು ಮೊದಮೊದಲು ಬೇಕಾದಷ್ಟು ಹೋಗುತ್ತಿದ್ದವು. ತಂಡದ ಮುಖ್ಯಸ್ಥನೇ ಒಮ್ಮೆ ಸೋಫಾದ ಮೇಲೆ ಆರಾಮಾಗಿ ಕೂತದ್ದಕ್ಕೇ ಕರೆ ಹೋಗಿ, ಅವನ ಹೆಂಡತಿ ಆಸ್ಪತ್ರೆಗೆ ಫೋನ್ ಮಾಡಿ ರಂಪವಾಗಿತ್ತು. ಅವನನ್ನು ಎಲ್ಲರೂ ಬೆನ್ನ ಹಿಂದೆ ಗಡುವು ಎಂದು ಕರೆಯುತ್ತಿದ್ದರು. ಬಾಯಿ ತೆರೆದರೆ ಅದೇ ಮಾತು. ಗಡುವು ಅದಕ್ಕೆ ಸೋಫಾ ಸಮಸ್ಯೆ ಎಂದು ಹೆಸರಿಟ್ಟ. ಬಿಡಿಸಿದವಳು ಇವಳು. ಕೈ ನಿಧಾನವಾಗಿ ಕೆಳಗಿಳಿದು, ಕೊನೆಗೊಂದು ಸಣ್ಣ ಕುಲುಕಾಟವಾಗಿ, ಆಮೇಲೆ ಅಲುಗಾಡದೆ ನಿಂತರೆ ಅದು ಬಿದ್ದದ್ದಲ್ಲ, ಕೂತದ್ದು ಎಂದು ವಾಚಿಗೆ ಹೇಳಿಕೊಟ್ಟಳು. ಸುಳ್ಳು ಕರೆಗಳು ನಿಂತೇಹೋದವು. ಗಡುವು ಎಲ್ಲರೆದುರು ಬೆನ್ನು ತಟ್ಟಿದ್ದ.

ಮೆತ್ತೆಯ ಕೋಣೆಯ ಬಾಗಿಲಲ್ಲಿ ನಿಂತವಳು ತಟ್ಟನೆ ತಿರುಗಿದಳು. ಓಡುನಡಿಗೆಯಲ್ಲಿ ತನ್ನ ಮೇಜಿಗೆ ಬಂದು ಅತ್ತೆಯ ವಾಚಿನ ನಿನ್ನೆಯ ದಾಖಲೆಯನ್ನು ತೆರೆದಳು. ಪರದೆಯ ಮೇಲೆ ಹೆಸರಿರುವುದಿಲ್ಲ, ಸಂಖ್ಯೆ ಮಾತ್ರ. ಅತ್ತೆಯ ಸಂಖ್ಯೆ ಅವಳಿಗೆ ಗೊತ್ತಿತ್ತು. ಕಟ್ಟಿದವಳು ಅವಳೇ ಅಲ್ಲವೇ. ಬೆಳಿಗ್ಗೆಯೆಲ್ಲ ಕೈಯ ಚಲನೆಯ ಗೆರೆ ಏರುತ್ತಾ ಇಳಿಯುತ್ತಾ ಮನೆಗೆಲಸದ ಹಾಗೇ ಇತ್ತು. ಮಧ್ಯಾಹ್ನ ಒಂದು ಕಡೆ ಇಳಿಯತೊಡಗಿತು. ತಡೆದು ತಡೆದು ಇಳಿಯಿತು. ನಡುವೆ ಒಮ್ಮೆ ನಿಂತು, ಇನ್ನಷ್ಟು ಇಳಿಯಿತು. ಕೊನೆಗೊಂದು ಸಣ್ಣ ಕುಲುಕಾಟ. ಆಮೇಲೆ ಗಂಟೆಗೂ ಹೆಚ್ಚು ಹೊತ್ತು ಗೆರೆ ಚಪ್ಪಟೆ. ಪಕ್ಕದಲ್ಲಿ ವಾಚು ತಾನೇ ಹಾಕಿಕೊಂಡ ಗುರುತು: ಕೂತಿದ್ದಾರೆ.

ಗಡುವು ಅವಳ ಮಾತನ್ನು ನಿಂತೇ ಕೇಳಿದ.

"ಬಿದ್ದೆ ಅಂತ ಅವರು ಹೇಳಿದ್ರಾ?"

"ಇಲ್ಲ. ಬಾಗಿಲು ತಗುಲ್ತು ಅಂದ್ರು."

"ಮತ್ತೆ? ನೋಡಮ್ಮಾ, ಒಬ್ಬರ ಕತೆ ಡೇಟಾ ಅಲ್ಲ. ಹೊಸಬರಿಗೆಲ್ಲ ಈ ಪಾಠ ಮಾಡೋಳು ನೀನೇ."

"ಅದು ನಂಗೂ ಗೊತ್ತು. ಆದ್ರೆ ಎಲ್ಲಾ ಮುದುಕರೂ ಹೀಗೇ ಬೀಳೋದಾಗಿದ್ರೆ? ನಾವು ಬಿದ್ದದ್ದು ಮೆತ್ತೆ ಮೇಲೆ. ನಮಗೆ ಭಯ ಎಲ್ಲಿತ್ತು?"

ಅವನು ದನಿ ತಗ್ಗಿಸಿದ. ಕೆಟ್ಟವನಲ್ಲ, ಅವನ ಮುಖದ ಮೇಲೂ ನಿದ್ದೆಗೆಟ್ಟ ಕಳೆ ಇತ್ತು. "ಬಿಡುಗಡೆನ ಎರಡು ಸಲ ಮುಂದಕ್ಕೆ ಹಾಕಿಸ್ಕೊಂಡಿದ್ದೀವಿ. ಇನ್ನೊಂದು ಸಲ ಅಂದ್ರೆ ವಾಚನ್ನ ಬೇರೆ ತಂಡಕ್ಕೆ ಕೊಟ್ಟು ನಮ್ಮನ್ನ ಚೆಲ್ಲಾಪಿಲ್ಲಿ ಮಾಡ್ತಾರೆ. ಅಂಗಡಿಗೆ ಬಿಟ್ಟ ಮೇಲೂ ಸರಿ ಮಾಡ್ಬಹುದು. ನಿನ್ನ ಒಪ್ಪಿಗೆ ಒಂದೇ ಬಾಕಿ. ಸಂಜೆ ಒಳಗೆ ಒತ್ತಿಬಿಡು."

ಒತ್ತಬೇಕಾದ ಗುಂಡಿ ಅವಳ ಫೋನಿನಲ್ಲೇ ಇತ್ತು. ಅವಳು ಚೀಲ ಎತ್ತಿಕೊಂಡು, ಲಿಫ್ಟಿಗೂ ಕಾಯದೆ ಮೆಟ್ಟಿಲಿಳಿದಳು. ಮನೆ ಮುಟ್ಟುವವರೆಗೆ ದಾರಿಯುದ್ದಕ್ಕೂ ತನ್ನ ಮೇಲೆಯೇ ಸಿಟ್ಟು. ಗಂಟೆಗೂ ಹೆಚ್ಚು ಹೊತ್ತು. ಆ ಹೊತ್ತಿನಲ್ಲಿ ತಾನು ಆಫೀಸಿನಲ್ಲಿ ಯಾರ ಜೋಕಿಗೆ ನಗುತ್ತಿದ್ದೆ ಎಂದು ನೆನಪಿಸಿಕೊಳ್ಳಲು ನೋಡಿದಳು, ನೆನಪಾಗಲಿಲ್ಲ.

ಅತ್ತೆ ಮೇಜಿನ ಬಳಿ ಒಂದೇ ಕೈಯಲ್ಲಿ ಬಟ್ಟೆ ಮಡಚುತ್ತಿದ್ದರು. ಬೇಗ ಬಂದ ಸೊಸೆಯನ್ನು ಕಂಡು ಶಾಲಿಗೆ ಕೈ ಹಾಕಿದರು.

"ಶಾಲು ಬಿಡಿ ಅತ್ತೆ. ನಿನ್ನೆ ಬಿದ್ರಿ."

"ವಾಚು ಹೇಳ್ತಾ?"

"ವಾಚು ಹೇಳ್ಲಿಲ್ಲ. ಅದೇ ತಾನೇ ಗೋಳು!"

ಅತ್ತೆ ಮಡಚಿದ ಟವೆಲನ್ನು ಬಿಚ್ಚಿ ಮತ್ತೆ ಮಡಚಿದರು. "ಬಿದ್ದೆ ಅಂತ ಹೇಗೆ ಹೇಳ್ಲಿ? ಇಡೀ ಕಟ್ಟಡಕ್ಕೆ ಹೇಳ್ಕೊಂಡು ಓಡಾಡಿದೀನಿ. ಬೆಳಗಾದ್ರೆ ನಿನ್ನ ಒಪ್ಪಿಗೆ, ಹಿಂದಿನ ದಿನವೇ ನಾನು ಬಿದ್ದು ಕೂತ್ರೆ ನಿನ್ನ ವಾಚಿನ ಮರ್ಯಾದೆ ಏನಾಗ್ಬೇಕು? ನಾನೇ ಸರಿಯಾಗಿ ಬೀಳ್ಲಿಲ್ವೇನೋ ಅಂದ್ಕೊಂಡೆ."

ಸೊಸೆ ಚೀಲ ಕೆಳಗಿಟ್ಟಳು. ಅತ್ತೆಯ ಕೈಯನ್ನು ಶಾಲಿನಿಂದ ಮೆಲ್ಲಗೆ ಬಿಡಿಸಿ ನೋಡಿದಳು. ಮೊಣಕೈಯಿಂದ ಅರ್ಧ ತೋಳಿನವರೆಗೆ ಕಪ್ಪುಗಟ್ಟಿತ್ತು.

"ನಡೀರಿ, ಡಾಕ್ಟರ್ ಹತ್ರ ಹೋಗೋಣ."

"ಬೆರಳು ಆಡುತ್ತೆ, ಮಡಚೋಕೂ ಬರುತ್ತೆ. ಆರು ಗಂಟೆಗೆ ಮೊದಲು ಆ ಮಹಾರಾಯ ಬಾಗಿಲೇ ತೆಗೆಯಲ್ಲ. ಕೂತ್ಕೋ." ಅತ್ತೆಗೆ ಸೊಸೆಯ ಮುಖ ನೋಡಿ ಪಾಪ ಅನ್ನಿಸಿರಬೇಕು, ನಗಿಸಲು ನೋಡಿದರು. "ನಾನು ನೆಲದ ಮೇಲಿದ್ರೆ ನಿನ್ನ ವಾಚು ಏನಂತು ಗೊತ್ತಾ? ತುಂಬಾ ಹೊತ್ತಿಂದ ಕೂತಿದೀರಿ, ಎದ್ದು ನಾಲ್ಕು ಹೆಜ್ಜೆ ನಡೀರಿ ಅಂತು. ನಡೆಯೋ ಹಾಗಿದ್ರೆ ಇಲ್ಲಿ ಯಾಕಿರ್ತಿದ್ದೆ ಮಾರಾಯ್ತಿ ಅಂದೆ."

ಸೊಸೆ ನಗಲಿಲ್ಲ. ಅತ್ತೆಯ ಮಣಿಕಟ್ಟಿನಿಂದ ವಾಚು ಬಿಚ್ಚಿ ತನ್ನ ಕೈಗೆ ಕಟ್ಟಿಕೊಂಡಳು. ಫೋನನ್ನು ಮೇಜಿನ ಮೇಲಿಟ್ಟಳು. "ಹೇಗೆ ಬಿದ್ರಿ? ನಂಗೆ ಕಲಿಸಿ."

"ಹುಚ್ಚೇನೇ ನಿಂಗೆ?"

"ಕಲಿಸಿ ಅತ್ತೆ."

ಅತ್ತೆ ಟವೆಲನ್ನು ಬದಿಗಿಟ್ಟರು. ಆಮೇಲೆ ಕುರ್ಚಿಯನ್ನು ಗೋಡೆಯ ಹತ್ತಿರಕ್ಕೆ ಸರಿಸಿದರು. "ಇಲ್ಲಿ ನಿಂತಿದ್ದೆ. ಎಡಗೈ ಕುರ್ಚಿ ಮೇಲೆ. ಮೊದಲು ಮಂಡಿಗೆ ಗೊತ್ತಾಗುತ್ತೆ. ಅದು ನಿನ್ನ ಮಾತು ಕೇಳಲ್ಲ."

ಸೊಸೆ ಮಂಡಿ ಬಿಟ್ಟಳು, ಮೆತ್ತೆಯ ಕೋಣೆಯಲ್ಲಿ ಬಿದ್ದ ಹಾಗೆ ಧೊಪ್ಪೆಂದು. ವಾಚು ಕಿರುಚಿಕೊಂಡಿತು. ಮೇಜಿನ ಮೇಲೆ ಅವಳದೇ ಫೋನು ರಿಂಗಾಯಿತು.

"ಹಾಗಲ್ಲ!" ಅತ್ತೆ ರೇಗಿದರು. "ಹಾಗೆ ಬೀಳೋರು ಮಕ್ಕಳು. ಬೀಳಬಾರದು ಅಂತ ಬೀಳ್ಬೇಕು. ಕುರ್ಚಿ ಬಿಡ್ಬೇಡ. ಬಲಗೈಲಿ ಗೋಡೆ ಹುಡುಕು. ಸಿಗುತ್ತೆ, ಹಿಡಿಯೋಕೆ ಏನೂ ಇರಲ್ಲ. ಆದ್ರೂ ಹಿಡೀ. ಮೂಳೆ ಮುರಿದ್ರೆ ಇವಳ ಕೆಲಸ ಹಾಳು, ಮಗ ರಜಾ ಹಾಕ್ಬೇಕು, ಇದನ್ನೆಲ್ಲ ಯೋಚನೆ ಮಾಡ್ತಾ ಇಳಿ."

ಅವಳು ಇಳಿದಳು. ಅಂಗೈ ಸುಣ್ಣದ ಗೋಡೆಯ ಮೇಲೆ ತರಚುತ್ತಾ ಬಂತು. ಮಂಡಿ ನಡುಗಿತು. ನಡುವೆ ಒಮ್ಮೆ ತಡೆದು ನಿಂತಳು, ನಿಲ್ಲಲಾಗಲಿಲ್ಲ, ಮತ್ತೆ ಜಾರಿದಳು. ಮೊಣಕೈ ನೆಲಕ್ಕೆ ತಾಗಿ ನೋವಾಯಿತು. ವಾಚು ಸುಮ್ಮನಿತ್ತು. ಅದರ ಪುಟ್ಟ ಗಾಜಿನ ಮೇಲೆ ಕುರ್ಚಿಯ ಚಿತ್ರವೊಂದು ಮೂಡಿತು.

ಏಳಲು ಹೊರಟವಳನ್ನು ಅತ್ತೆ ಭುಜದ ಮೇಲೆ ಕೈಯಿಟ್ಟು ತಡೆದರು. "ಈಗಲೇ ಏಳ್ಬೇಡ. ನಾನು ಅಷ್ಟು ಬೇಗ ಎದ್ದಿರ್ಲಿಲ್ಲ."

ಆಮೇಲೆ ಅವರೂ ಕುರ್ಚಿ ಹಿಡಿದು, ಮೇಜಿನ ಕಾಲು ಹಿಡಿದು, ನಿಧಾನವಾಗಿ ಅವಳ ಪಕ್ಕಕ್ಕೆ ಇಳಿದು ಗೋಡೆಗೊರಗಿ ಕೂತರು. ಅಲ್ಲಿಂದ ಮೇಜಿನ ಅಡಿಭಾಗ ಕಾಣುತ್ತಿತ್ತು. ಬಡಗಿ ಪೆನ್ಸಿಲಿನಲ್ಲಿ ಹಾಕಿ ಅಳಿಸದೆ ಬಿಟ್ಟ ಗುರುತು, ಒಂದು ಜೇಡರ ಬಲೆ. ಇಷ್ಟು ವರ್ಷ ಊಟ ಮಾಡಿದ ಮೇಜಿನ ಈ ಬದಿಯನ್ನು ಅವಳು ನೋಡಿಯೇ ಇರಲಿಲ್ಲ.

ಮೇಲೆ ಫೋನು ಅದುರತೊಡಗಿತು.

"ಯಾರದು?"

"ಗಡುವು ಇರ್ಬೇಕು. ಒಪ್ಪಿಗೆ ಕೇಳ್ತಾ ಇದಾನೆ."

"ಎತ್ಕೊಳ್ಳೇ ಮತ್ತೆ."

ಅವಳು ಕೂತಲ್ಲಿಂದಲೇ ಕೈ ಚಾಚಿದಳು. "ಸಿಗಲ್ಲ ಅತ್ತೆ."

"ಹೂಂ," ಎಂದರು ಅತ್ತೆ. "ನಿನ್ನೆ ನಂಗೂ ಸಿಗ್ಲಿಲ್ಲ."

ಫೋನು ನಿಂತು, ಮತ್ತೆ ಶುರುವಾಯಿತು. ಅದುರುತ್ತಾ ಅದುರುತ್ತಾ ಮೇಜಿನ ಅಂಚಿನ ಕಡೆಗೆ ಸರಿಯುತ್ತಿತ್ತು. ಕೆಳಗಿನಿಂದ ಅದರ ಒಂದು ಮೂಲೆ ಮಾತ್ರ ಕಾಣುತ್ತಿತ್ತು. ಇಬ್ಬರೂ ಅದನ್ನೇ ನೋಡುತ್ತಾ ಕೂತರು.