ಕೊನೆಯ ಸಾಲಿಲ್ಲದ ಕ್ಯಾಸೆಟ್

ನನಗೆ ಹೊಟ್ಟೆಕಿಚ್ಚು ಇರುವುದು ಒಬ್ಬಳೇ ಒಬ್ಬ ಗಾಯಕಿಯ ಮೇಲೆ. ಅವಳಿಗೆ ಹದಿನಾಲ್ಕು ವರ್ಷ. ಅಮ್ಮ ದಿನಾ ಬೆಳಿಗ್ಗೆ ಹೊಲಿಗೆ ಅಂಗಡಿಯ ಬಾಗಿಲು ತೆಗೆದ ಕೂಡಲೇ ಅವಳ ಕ್ಯಾಸೆಟ್ ಹಾಕುತ್ತಾಳೆ. ಆ ಗಾಯಕಿ ನಾನೇ. ಎಲ್ಲರೂ ನನ್ನನ್ನು ಹೆಣ್ಣುಮಗಳು ಅಂದುಕೊಂಡಿದ್ದ ಕಾಲದ ನಾನು.

ಈಗ ಗಡ್ಡ ಬಿಟ್ಟ ಗಂಡಸು. ಹಾರ್ಮೋನ್ ಔಷಧಿ ಶುರುವಾದ ವರ್ಷ ಗಂಟಲು ಒಡೆದು ಧ್ವನಿ ಬಾವಿಯ ತಳಕ್ಕಿಳಿಯಿತು. "ಮಗಳನ್ನೂ ಕಳ್ಕೊಂಡೆ, ಹಾಡನ್ನೂ ಕಳ್ಕೊಂಡೆ" ಎಂದು ಅಮ್ಮ ಬಾಗಿಲು ಹಾಕಿಕೊಂಡು ನಾಲ್ಕು ವರ್ಷವಾಯಿತು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ನಾನು ಹೆಗ್ಗಣಕ್ಕಿಂತ ಕಡೆಯಾದೆ. ಊರವರೆಲ್ಲ ನನ್ನ ಈಗಿನ ಹಾಡು ಕೇಳುತ್ತಾರೆ, ಅಮ್ಮ ಮಾತ್ರ ಕೇಳುವುದಿಲ್ಲ.

ನಾನು ಹಾಡು ಕಟ್ಟುವುದು ಬಟ್ಟೆ ಬೀರುವಿನೊಳಗೆ. ನೇತಾಡುವ ಅಂಗಿಗಳ ನಡುವೆ ತಲೆ ತೂರಿಸಿ ಹಾಡಿದರೆ ರಸ್ತೆಯ ಗದ್ದಲ ಮೈಕಿಗೆ ಬೀಳುವುದಿಲ್ಲ. ಮೊದಲು ಬರೀ ಗುನುಗು. ಮಾತು ತಾನಾಗಿ ಬರುವವರೆಗೆ ಸುಮ್ಮನೆ ಕಾಯುತ್ತೇನೆ. ಆ ಕಾಯುವುದೇ ನನ್ನ ಪ್ರಾರ್ಥನೆ. ದೇವರ ಜೊತೆ ನನಗೆ ಜಗಳವಿದೆ, ಆದರೆ ಜಗಳಕ್ಕಾದರೂ ಬರುತ್ತಾನಲ್ಲ ಎಂಬ ಸಮಾಧಾನವೂ ಇದೆ.

ಹೋದ ವಾರ ಅಕ್ಕ ಆ ಕ್ಯಾಸೆಟ್ ಹಿಡಿದು ಬಂದಳು. ಟೇಪು ರೆಕಾರ್ಡರ್‌ಗೆ ಸಿಕ್ಕಿ ಸುಕ್ಕಾಗಿತ್ತು.

"ಅಮ್ಮ ಎರಡು ದಿನದಿಂದ ಸರಿಯಾಗಿ ಊಟ ಮಾಡಿಲ್ಲ ಕಣೋ. ನಿನ್ ಹತ್ರ ತಂದಿದೀನಿ ಅಂತ ಅವಳಿಗೆ ಗೊತ್ತಿಲ್ಲ. ಹೇಗಾದ್ರೂ ಸರಿ ಮಾಡು."

"ನನ್ನ ಸವತಿಗೆ ನಾನೇ ಔಷಧಿ ಹಚ್ಬೇಕಾ?" ಎಂದೆ. ಅಕ್ಕ ನಗಲಿಲ್ಲ.

ಸುಕ್ಕಾದದ್ದನ್ನು ಕತ್ತರಿಸಿ, ಖಾಲಿ ಕ್ಯಾಸೆಟ್ಟಿನ ಟೇಪಿನ ತುಂಡು ಅಂಟಿಸಿದೆ. ಹೋದದ್ದು ಹಾಡಿನ ಕೊನೆಯ ಸಾಲು. ನಾನು ಕಟ್ಟಿದ ಮೊಟ್ಟಮೊದಲ ಹಾಡು ಅದು, ಆ ಸಾಲು ದೇವರಿಗೇ ಕೇಳಿದ ಪ್ರಶ್ನೆ: 'ಬಾಗಿಲು ತಟ್ಟದೆ ಬರುವವನೇ, ನನ್ನನ್ನು ಯಾವ ಹೆಸರಲ್ಲಿ ಕರೆಯುತ್ತೀ?' ಹಾಗೇ ಕೊಟ್ಟರೆ ಅಮ್ಮನಿಗೆ ಅಷ್ಟಾದರೂ ಉಳಿಯುತ್ತಿತ್ತು. ನಾನು ಹಾಡಿ ತುಂಬಿದರೆ ಇರುವುದನ್ನೂ ಎಸೆದುಬಿಡಬಹುದು. ಆದರೂ ಆಸೆ ತಡೆಯಲಾಗಲಿಲ್ಲ.

ಮೊದಲು ಹುಡುಗಿಯ ಎತ್ತರಕ್ಕೆ ಧ್ವನಿ ಎಳೆದೆ. ಬಾಲ ತುಳಿಸಿಕೊಂಡ ಬೆಕ್ಕಿನಂತಿತ್ತು. ಅಳಿಸಿದೆ. ಅಂಗಿಗಳ ನಡುವೆ ಕಣ್ಣು ಮುಚ್ಚಿ ತುಂಬಾ ಹೊತ್ತು ಕೂತೆ. ಆಮೇಲೆ ಈಗಿನ ಧ್ವನಿಯಲ್ಲೇ ಹಾಡಿದೆ.

ಮರುದಿನ ಬೆಳಿಗ್ಗೆ ಕ್ಯಾಸೆಟ್ ಒಯ್ಯುತ್ತಿದ್ದ ಅಕ್ಕನ ಹಿಂದೆ ಹೋಗಿ ಅಂಗಡಿಯ ಹೊರಗೆ ಗೋಡೆಗೆ ಒರಗಿ ನಿಂತೆ. ಅಮ್ಮ ಕ್ಯಾಸೆಟ್ ಹಾಕಿ ಮಿಷನ್ ತುಳಿಯತೊಡಗಿದಳು. ಹುಡುಗಿ ಹಾಡಿದಳು. ಅಂಟು ಹಾಕಿದ ಕಡೆ ಟಕ್ ಎಂದಿತು. ನನ್ನ ಧ್ವನಿ ಬಂತು. ಮಿಷನ್ ನಿಂತಿತು.

ಅಮ್ಮ ರಿವೈಂಡ್ ಮಾಡಿ ಮತ್ತೆ ಹಾಕಿದಳು. ಮೂರನೇ ಸಲವೂ ಹಾಕಿದಳು. ನನ್ನ ನೆರಳು ಅಂಗಡಿಯ ಹೊಸ್ತಿಲ ಮೇಲೆ ಬಿದ್ದಿತ್ತು. ಬೈದರೂ ಸರಿ, ಒಮ್ಮೆ ನನ್ನ ಜೊತೆ ಮಾತಾಡಲಿ ಎಂದು ಬೇಡಿಕೊಂಡೆ.

"ಹೊರಗೆ ಯಾಕೆ ನಿಂತಿದೀಯ?" ಅಮ್ಮನ ಧ್ವನಿ ಬಂತು. "'ಯಾವ' ಆದ್ಮೇಲೆ ಉಸಿರು ತಗೋಬೇಡ, ಸಾಲು ಮುರಿಯುತ್ತೆ ಅಂತ ನಿನ್ನ ಹದಿನಾಲ್ಕನೇ ವಯಸ್ಸಿಂದ ಬಡ್ಕೋತಿದೀನಿ. ಇವತ್ತೂ ಅಲ್ಲೇ ತಗೊಂಡಿದೀಯ. ಯಾವತ್ತು ತಿದ್ಕೋತೀಯೋ ನೀನು?"